ಚೀಟಿ ಬಿಸ್ಕತ್ತಿಗಾಗಿ ಕೋಳಿಯಾಣೆ

ಲೋಕಣ್ಣನ ಬಗ್ಗೆ ಪೇಪರಿನಲ್ಲಿ ಬಂದದ್ದೆಲ್ಲ ಸುಳ್ಳು. ಹುಟ್ಟಿದ ಜಾಗ ಸುಳ್ಳು, ಅಪ್ಪನ ಹೆಸರು ಸುಳ್ಳು, ವಯಸ್ಸು ಸುಳ್ಳು. ಫೋಟೋದಲ್ಲಿ ಅವನ ಪಕ್ಕ ನಿಂತಿರುವ ಹುಂಜ ಕೂಡ ಸುಳ್ಳು. ಅವನ ಪಕ್ಕದ ಸ್ಟೂಲಿನಲ್ಲಿ ಕೂತು ಮೂವತ್ತು ವರ್ಷಕ್ಕೂ ಮಿಕ್ಕಿ ಬಿಸ್ಕತ್ತು ಮಡಚಿದವಳು ನಾನು, ಯೀ ಫುಂಗ್ ಹಾ. ಪೇಪರಿನವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳದಿದ್ದರೆ ಹೋಗಲಿ, ನಾನೇ ಹೇಳುತ್ತೇನೆ.

ನಮ್ಮ ಕಾರ್ಖಾನೆ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಪೇಟೆಯ ಒಂದು ಓಣಿಯಲ್ಲಿದೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಬೆಂಕಿಯ ಮೇಲೆ ಸುತ್ತುವ ಒಂದು ಚಕ್ರ, ಅದರ ಸುತ್ತ ಅಂಗೈಯಗಲದ ಕಬ್ಬಿಣದ ಕಾವಲಿಗಳು. ಹಿಟ್ಟು ಬೀಳುತ್ತದೆ, ಮುಚ್ಚಳ ಮುಚ್ಚುತ್ತದೆ, ಸುತ್ತಿಕೊಂಡು ನಮ್ಮ ಮುಂದೆ ಬರುವಷ್ಟರಲ್ಲಿ ಬೆಂದಿರುತ್ತದೆ. ಬಿಸಿಯಿರುವಾಗಲೇ ಎತ್ತಬೇಕು, ನಡುವೆ ಚೀಟಿ ಇಡಬೇಕು, ಅರ್ಧಕ್ಕೆ ಮಡಚಿ ಸರಳಿನ ಮೇಲೆ ಬಗ್ಗಿಸಬೇಕು. ಒಂದು ಉಸಿರು ತಡವಾದರೆ ಪಟ್ಟನೆ ಒಡೆಯುತ್ತದೆ. ಬೆರಳಿಗೆ ಎಷ್ಟು ಪಟ್ಟಿ ಸುತ್ತಿಕೊಂಡರೂ ಸುಡುತ್ತದೆ. ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ತಟ್ಟೆಯಲ್ಲಿ ಬರುತ್ತಲ್ಲ, ಮುರಿದರೆ ಒಳಗಿಂದ "ನಿಮಗೆ ದೂರ ಪ್ರಯಾಣದ ಯೋಗವಿದೆ" ಅಂತ ಚೀಟಿ ಸಿಗುತ್ತಲ್ಲ, ಅದೇ ಬಿಸ್ಕತ್ತು.

ಬಿಳಿಯರ ಪ್ರಕಾರ ಇದು ಚೀನಾದ ಸಾವಿರ ವರ್ಷದ ತಿಂಡಿ. ಆದರೆ ಚೀನಾದಲ್ಲಿ ಇದನ್ನು ಕಂಡವರು ಒಬ್ಬರೂ ಇಲ್ಲ. ಊರಿನಿಂದ ಹೊಸದಾಗಿ ಬಂದವರು ಚೀಟಿ ಸಮೇತ ಅಗಿದು ನುಂಗಿ, "ಒಳಗಿದ್ದ ನಾರು ಚೆನ್ನಾಗಿ ಬೆಂದಿಲ್ಲ" ಅನ್ನುತ್ತಾರೆ. ನಾನೂ ಬಂದ ಹೊಸದರಲ್ಲಿ ಹಾಗೇ ನುಂಗಿದ್ದೆ. ನನ್ನ ಭವಿಷ್ಯ ಏನಿತ್ತೋ ಏನೋ, ಹೊಟ್ಟೆಗೆ ಹೋಯಿತು.

ಇಂಥ ಬಿಸ್ಕತ್ತಿಗಾಗಿ ಆ ವರ್ಷ ಜಗಳ ಶುರುವಾಯಿತು. ಲಾಸ್ ಏಂಜಲೀಸಿನ ವ್ಯಾಪಾರಿಗಳು ಪೇಪರಿನಲ್ಲಿ ಹಾಕಿಸಿದರು, ಚೀಟಿ ಬಿಸ್ಕತ್ತನ್ನು ಮೊದಲು ಮಾಡಿದ್ದು ತಮ್ಮೂರಿನವನೇ ಅಂತ. ಅದನ್ನು ಓದಿ ನಮ್ಮ ಓಯಾಂಗ್ ಸಾಹುಕಾರರಿಗೆ ಮೈಯೆಲ್ಲ ಉರಿದುಹೋಯಿತು. ಪೇಟೆಯಲ್ಲೇ ದೊಡ್ಡ ಊಟದ ಹಾಲ್ ಅವರದು, ವ್ಯಾಪಾರಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಪೇಪರು ಹಿಡಿದುಕೊಂಡು ನಮ್ಮ ಕಾರ್ಖಾನೆಗೆ ನುಗ್ಗಿದರು.

"ನಮ್ಮ ಬಾಯಿಂದ ಬಿಸ್ಕತ್ತು ಕಿತ್ಕೊಂಡು ಹೋಗ್ತಾ ಇದ್ದಾರೆ, ನಾವು ಟೀ ಕುಡೀತಾ ಕೂತಿರೋದಾ? ಕೋರ್ಟು ಕರೀತೀನಿ ನಾನು!"

ನಿಜವಾದ ಕೋರ್ಟಲ್ಲ, ಆಟದ ಕೋರ್ಟು. ಅವರದೇ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಊಟದ ಜೊತೆ. ತೀರ್ಪು ಹೇಳಲು ಪ್ರೆಂಡರ್ಗಾಸ್ಟ್ ಅಂತ ರಿಟೈರಾದ ಒಬ್ಬ ಬಿಳಿ ಜಡ್ಜು. ಗೆದ್ದವರ ಊರಿನ ಗೋಡೆಗೆ ಹಿತ್ತಾಳೆಯ ಫಲಕ. ಪೇಪರಿನವರು, ಟೀವಿಯವರು ಎಲ್ಲ ಬರುತ್ತಾರೆ. ಅದಕ್ಕೆ ಸಾಕ್ಷಿ ಬೇಕಲ್ಲ? ಸಾಹುಕಾರರು ಲೋಕಣ್ಣನ ಭುಜದ ಮೇಲೆ ಕೈ ಹಾಕಿದರು.

"ಮೊದಲನೇ ಬಿಸ್ಕತ್ತು ಮಾಡಿದ್ದು ನಿಮ್ಮಪ್ಪ, ಇದೇ ಮನೇಲಿ. ನೀನು ಹುಟ್ಟಿದ್ದು ಇದೇ ಮನೆ ಮಹಡೀಲಿ. ಅವತ್ತು ಇಲ್ಲಿದ್ದೋರಲ್ಲಿ ಈಗ ಬದುಕಿರೋನು ನೀನೊಬ್ಬನೇ ಕಣಯ್ಯಾ. ಬಂದು 'ಹೌದು, ನಾನು ನೋಡಿದ್ದೆ' ಅಂದ್ಬಿಡು. ಅಷ್ಟೇ."

ಲೋಕಣ್ಣನ ಕೈಯಲ್ಲಿದ್ದ ಬಿಸ್ಕತ್ತು ಪಟ್ಟನೆ ಒಡೆಯಿತು. ಅವನ ಕೈಯಲ್ಲಿ ಬಿಸ್ಕತ್ತು ಒಡೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಾಕೆಂದರೆ ಆ ಮನೆಯ ಮಹಡಿಯಲ್ಲಿ ಲೋಕಣ್ಣ ಹುಟ್ಟೇ ಇರಲಿಲ್ಲ. ಒಂದು ಕಾಲದಲ್ಲಿ ಈ ದೇಶದ ಕಾನೂನು ನಮ್ಮವರನ್ನು ಒಳಗೇ ಬಿಡುತ್ತಿರಲಿಲ್ಲ. ಇಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳಿಗೆ, ಇನ್ನು ಕೆಲವು ಅನುಕೂಲಸ್ಥರಿಗೆ ಮಾತ್ರ ಬಾಗಿಲು. ಆಮೇಲೆ ದೊಡ್ಡ ಭೂಕಂಪವಾಗಿ, ಊರಿಗೆ ಬೆಂಕಿ ಬಿದ್ದು, ಜನನದ ದಾಖಲೆಗಳೆಲ್ಲ ಸುಟ್ಟು ಬೂದಿಯಾದವು. ಮಾರನೆಯ ದಿನವೇ ನಮ್ಮ ಪೇಟೆಯವರೆಲ್ಲ ಇಲ್ಲೇ ಹುಟ್ಟಿದವರಾದರು! ಇಲ್ಲದ ಹೆಂಡಿರನ್ನು, ಇಲ್ಲದ ಮಕ್ಕಳನ್ನು ಬರೆಸಿದರು. ಆ ಇಲ್ಲದ ಮಗನ ಜಾಗಕ್ಕೆ ಊರಿನಿಂದ ಬೇರೆ ಯಾರದೋ ಮಗ ಹಡಗು ಹತ್ತಿ ಬರುತ್ತಿದ್ದ. ಕಾಗದದ ಮಕ್ಕಳು ಅಂತ ಅವರಿಗೆ ಹೆಸರು. ನಮ್ಮ ಕಾರ್ಖಾನೆ ಶುರುಮಾಡಿದ ಬಿಸ್ಕತ್ತಿನ ಮುದುಕ ಕ್ವಾನ್ ಸೂಯ್ ಕೀ ಜನ್ಮದಲ್ಲಿ ಮದುವೆಯಾದವನಲ್ಲ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವನಿಗೆ ಮೂರು ಗಂಡುಮಕ್ಕಳು. ಅದರಲ್ಲಿ ಹಿರಿಯವನು ಕ್ವಾನ್ ಹಿಂಗ್ ಲೋಕ್. ಮಹಡಿಯ ಮೇಲೆ ಹುಟ್ಟಿ, ಚಿಕ್ಕಂದಿನಲ್ಲಿ ತಾಯಿಯ ಜೊತೆ ಚೀನಾಕ್ಕೆ ಹೋಗಿ, ಬೆಳೆದು ವಾಪಸು ಬಂದವನು ಅಂತ ಕಾಗದದಲ್ಲಿತ್ತು.

ಆ ಹೆಸರಿನಲ್ಲಿ ಬಂದವನು ಚೀನಾದ ತೈಷಾನ್ ಕಡೆಯ ಹಳ್ಳಿಯ ಒಬ್ಬ ವಿಧವೆಯ ಮಗ, ಸೀಟೋ ಯಾಟ್ ಮಿಂಗ್. ವಯಸ್ಸೂ ಕಾಗದಕ್ಕಿಂತ ನಾಲ್ಕು ವರ್ಷ ಕಮ್ಮಿ. ಮೊದಲನೇ ಬಿಸ್ಕತ್ತು ಬೇಯುತ್ತಿದ್ದಾಗ ಅವನು ಗದ್ದೆಯಲ್ಲಿ ಕಪ್ಪೆ ಹಿಡಿಯುತ್ತಿದ್ದ. ಅವನಮ್ಮ ಅಲ್ಲಿ ತೀರಿಕೊಂಡಾಗ ಇಲ್ಲಿ ಅಳುವುದಕ್ಕೂ ಆಗಲಿಲ್ಲ, ಕಾಗದದ ಪ್ರಕಾರ ಅವನ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತಲ್ಲ! ಮುಂದೆ ಸರ್ಕಾರವೇ ನಿಜ ಹೇಳಿದವರಿಗೆ ಮಾಫಿ ಅಂದಿತು. ಕೆಲವರು ಹೇಳಿಕೊಂಡರು. ಲೋಕಣ್ಣ ಬಾಯಿ ಬಿಡಲಿಲ್ಲ. ನನ್ನ ಗಂಡನೂ ಬಿಡಲಿಲ್ಲ. ಅವನು ಹೋಮ್ ಅಂತ ಇನ್ಯಾರದೋ ಹೆಸರಿನ ಕಲ್ಲಿನಡಿ ಮಲಗಿದ್ದಾನೆ.

ಲೋಕಣ್ಣನಿಗೆ ಎದೆನೋವು ಶುರುವಾದ ಮೇಲೆ ಒಂದೇ ಚಿಂತೆ. ಕ್ವಾನ್ ಮನೆತನದ ಸಂಘದವರು ಸ್ಮಶಾನದಲ್ಲಿ ಕ್ವಾನರ ಸಾಲಿನಲ್ಲಿ ಅವನಿಗೂ ಜಾಗ ಗೊತ್ತುಮಾಡಿದ್ದರು. "ತಂಗೀ, ಕಲ್ಲಿನ ಮೇಲೆ ಕ್ವಾನ್ ಅಂತಿದ್ರೆ ನಮ್ಮಮ್ಮ ನನ್ನನ್ನ ಹೆಂಗೆ ಹುಡುಕ್ತಾಳೆ? ಅವಳು ಸೀಟೋ ಅಂತ ಹುಡುಕ್ಕೊಂಡು ಬಂದು, ಸಿಗಲಿಲ್ಲ ಅಂತ ವಾಪಸ್ ಹೋದ್ರೆ?" ಅಂತ ನನ್ನನ್ನು ಕೇಳುತ್ತಿದ್ದ. ಹಾಗಾದರೆ ಹೇಳಿಬಿಡು ಅಂದರೆ ಮಗಳು ಲಿನೆಟ್‌ಳ ಹೆಸರು ತೆಗೆಯುತ್ತಿದ್ದ. ಅವಳು ಸ್ಕೂಲಿನಲ್ಲಿ ಮೇಡಮ್ಮು, ಎರಡು ಮಕ್ಕಳ ತಾಯಿ. "ನಾನು ಸುಳ್ಳು ಅಂತಾದ್ರೆ ಅವಳೂ ಸುಳ್ಳಾಗಲ್ವಾ? ಮಕ್ಕಳ ಸಮೇತ ಹಡಗು ಹತ್ತಿಸ್ತಾರೆ ಕಣೇ." ಹೆಂಡತಿ ಸತ್ತು ಹತ್ತು ವರ್ಷವಾಗಿತ್ತು. ಇದನ್ನೆಲ್ಲ ತಿಳಿದವಳು ನಾನೊಬ್ಬಳೇ.

ಹೋಗಲಿ, ಆಟದ ಕೋರ್ಟಲ್ಲವಾ, ಇನ್ನೊಂದು ಸುಳ್ಳು ಹೇಳಿದರೆ ಮುಳುಗುವುದೇನು ಅಂತ ನಾನೇ ಅವನನ್ನು ಒಪ್ಪಿಸಿದೆ. ಬಿಳಿಯರ ಧರ್ಮಪುಸ್ತಕದ ಮೇಲೆ ಕೈಯಿಟ್ಟು ಅವನು ಎಷ್ಟೋ ಸಲ ಸುಳ್ಳು ಹೇಳಿದ್ದ, ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಆ ಓಯಾಂಗ್ ಸಾಹುಕಾರರ ತಲೆಗೆ ಇನ್ನೊಂದು ಹುಳ ಹೊಕ್ಕಿತು.

"ಪುಸ್ತಕ ಬೇಡ, ಫೋಟೋ ಚೆನ್ನಾಗಿ ಬರಲ್ಲ. ಹಳೇ ಕಾಲದ ಥರ ಹುಂಜದ ಆಣೆ ಇಡ್ಸೋಣ!"

ನಮ್ಮ ಕಡೆ ದೊಡ್ಡ ವ್ಯಾಜ್ಯ ಬಂದಾಗ ದೇವರ ಮುಂದೆ ಹಳದಿ ಕಾಗದ ಸುಟ್ಟು, ಹುಂಜದ ತಲೆ ಕಡಿದು ಪ್ರಮಾಣ ಮಾಡುವುದಿದೆ. ನಾನು ಸುಳ್ಳಾಡಿದರೆ ಈ ಹುಂಜದ ಗತಿ ನನಗಾಗಲಿ, ನನ್ನ ವಂಶ ಇಲ್ಲಿಗೇ ಕಡಿಯಲಿ ಅಂತ. ಲೋಕಣ್ಣ ಅದನ್ನು ಕೇಳಿ ಬೆವತುಹೋದ.

"ಸಾಹುಕಾರ್ರೇ, ಹುಂಜ ಬೇಡಿ."

"ಕಡಿಯಲ್ಲ ಕಣಯ್ಯಾ! ಆರೋಗ್ಯ ಇಲಾಖೆಯೋರು ಹಾಲ್‌ನಲ್ಲಿ ರಕ್ತ ಬೀಳಬಾರ್ದು ಅಂದಿದ್ದಾರೆ. ಬರೀ ಕತ್ತಿ ತೋರ್ಸೋದು."

"ಕಡಿದ್ರೂ ಆಣೆ ಆಣೆನೇ, ಬಿಟ್ರೂ ಆಣೆನೇ."

"ನಿಜ ಹೇಳೋನಿಗೆ ಆಣೆಗೆ ಯಾಕಯ್ಯಾ ಭಯ? ಆಗ್ಲೇ ಪೇಪರ್‌ಗೆ ಹೇಳಿಯಾಯ್ತು, ನಾಳೆ ಹುಂಜದ ಚಿತ್ರ ಬರುತ್ತೆ."

ಬಂದೇ ಬಂತು. ಬಿಸ್ಕತ್ತಿನ ಚಿತ್ರಕ್ಕಿಂತ ದೊಡ್ಡದಾಗಿ ಬಂತು. ಲೋಕಣ್ಣ ಅನ್ನ ಬಿಟ್ಟ. ನಿಜ ಹೇಳಿದರೆ ಸರ್ಕಾರ ಮಗಳನ್ನು ಓಡಿಸುತ್ತದೆ, ಸುಳ್ಳು ಹೇಳಿದರೆ ದೇವರು ಮಗಳ ವಂಶ ಕಡಿಯುತ್ತಾನೆ. "ಎಲ್ಲಿ ತಿರುಗಿದ್ರೂ ಲಿನೆಟ್ ಕತ್ತಿನ ಮೇಲೇ ಬರ್ತಿದೆಯಲ್ಲೇ" ಅಂತ ಅವನು ಹಿಟ್ಟಿನ ಡಬ್ಬದ ಮೇಲೆ ಕೂತು ಅತ್ತುಬಿಟ್ಟ. ನನಗೆ ಅಳು ಬರಲಿಲ್ಲ, ಕೋಪ ಬಂತು. ಎದ್ದು ಅವನ ರಟ್ಟೆ ಹಿಡಿದುಕೊಂಡು ಕೋಳಿ ಅಂಗಡಿ ಚಾವ್ ಹತ್ತಿರ ಎಳೆದುಕೊಂಡು ಹೋದೆ. ಸಾಹುಕಾರರು ಹುಂಜ ಹೇಳಿದ್ದು ಅವನಿಗೇ.

"ಚಾವಣ್ಣ, ಆಣೆಗೆ ಹುಂಜನೇ ಆಗ್ಬೇಕಾ? ಹೆಂಟೆ ಇಟ್ರೆ?"

"ಹೆಂಟೆ ಮೇಲಿನ ಆಣೆನ ದೇವ್ರು ಕಿವೀಗೇ ಹಾಕ್ಕೊಳಲ್ಲ. ಯಾಕೆ?"

"ಹಂಗಾದ್ರೆ ಭಾನುವಾರಕ್ಕೆ ಹೆಂಟೆ ಕಳ್ಸು. ಹುಂಜದ ಥರ ಕಾಣ್ಬೇಕು."

ಚಾವ್ ನಮ್ಮಿಬ್ಬರ ಮುಖ ನೋಡಿದ. ಯಾಕೆ ಅಂತ ಎರಡನೇ ಸಲ ಕೇಳಲಿಲ್ಲ. ಒಳಗೆ ಹೋಗಿ ಜುಟ್ಟು ದೊಡ್ಡದಿದ್ದ ಒಂದು ಬಿಳಿ ಹೆಂಟೆಯನ್ನು ಹುಡುಕಿ ತಂದು, ಸತ್ತ ಹುಂಜದ ಬಾಲದ ಗರಿಗಳನ್ನು ಅದರ ಹಿಂದೆ ದಾರದಲ್ಲಿ ಕಟ್ಟಿದ. ಹೆಂಟೆ ಒಂದು ಸುತ್ತು ತಿರುಗಿ ತನ್ನ ಬಾಲವನ್ನು ತಾನೇ ನೋಡಿಕೊಂಡಿತು. ಎಷ್ಟೋ ದಿನದ ಮೇಲೆ ಲೋಕಣ್ಣ ಅವತ್ತು ನಕ್ಕ.

ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಪೇಟೆಯ ಮುದುಕರೆಲ್ಲ ಕೋಟು ಹಾಕಿಕೊಂಡು ಮೇಜು ಮೇಜಿಗೆ ಕೂತಿದ್ದರು. ಜಡ್ಜ್ ಸಾಹೇಬರ ಮುಂದೆ ಇಡೀ ಬಾತುಕೋಳಿ ಇಟ್ಟಿದ್ದರಿಂದ ಅವರು ತುಂಬ ಗಂಭೀರವಾಗಿದ್ದರು. ಮೊದಲು ಲಾಸ್ ಏಂಜಲೀಸಿನ ವಕೀಲ ಎದ್ದು ದೊಡ್ಡ ಭಾಷಣ ಮಾಡಿದ. ಜಡ್ಜ್ ತೊಡೆಯ ಭಾಗ ಮುಗಿಸಿದರು.

ಆಮೇಲೆ ಯಾರೂ ಕರೆಯದೆ ಒಬ್ಬಳು ಎದ್ದಳು. ಜಪಾನಿಯರ ಪೇಟೆಯಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಅಮ್ಮ, ಮೊರಿಶಿಗೆ ಅಂತ ಹೆಸರು. ಚೀಲದಿಂದ ಉದ್ದ ಹಿಡಿಯ ಕಬ್ಬಿಣದ ಅಚ್ಚೊಂದನ್ನು ತೆಗೆದು ಮೇಜಿನ ಮೇಲೆ ಧಡ್ಡನೆ ಇಟ್ಟಳು. ಬಾತುಕೋಳಿ ನಡುಗಿತು.

"ಇದು ನಮ್ಮಜ್ಜನ ಅಚ್ಚು. ಜಪಾನಿನಲ್ಲಿ ನಮ್ಮ ದೇವಸ್ಥಾನದ ಬೀದೀಲಿ ಇಂಥದ್ರಲ್ಲೇ ಚೀಟಿ ಬಿಸ್ಕತ್ತು ಮಾಡ್ತಿದ್ರು, ಇಲ್ಲಿಗೆ ಬಂದ ಮೇಲೂ ಮಾಡಿದ್ರು. ಯುದ್ಧದಲ್ಲಿ ಜಪಾನಿಯರು ಅಂತ ನಮ್ಮನ್ನೆಲ್ಲ ಹಿಡಿದು ಮರುಭೂಮಿ ಕ್ಯಾಂಪಿಗೆ ಹಾಕಿದ್ರಿ. ವಾಪಸ್ ಬಂದು ನೋಡಿದ್ರೆ ನಮ್ಮ ಬಿಸ್ಕತ್ತು ಚೀನೀ ಆಗಿತ್ತು."

ಜಡ್ಜ್ ಬಾಯಿ ಒರೆಸಿಕೊಂಡು, ಪ್ರತ್ಯಕ್ಷ ಸಾಕ್ಷಿ ಯಾರಾದರೂ ಇದ್ದಾರಾ ಅಂದರು. "ಎಲ್ಲ ಸತ್ತರು" ಅಂದಳು. "ನಮ್ಮ ಕಡೆ ಇದ್ದಾರೆ!" ಅಂತ ಓಯಾಂಗ್ ಸಾಹುಕಾರರು ಹಾರಿ ನಿಂತರು.

ಲೋಕಣ್ಣನನ್ನು ವೇದಿಕೆಗೆ ಕರೆದರು. ಅವನಿಗೆ ಇಂಗ್ಲಿಷು ಬರುವುದು ಅಷ್ಟಕ್ಕಷ್ಟೇ, ನಮ್ಮ ತೈಷಾನ್ ಮಾತನ್ನು ಜಡ್ಜಿಗೆ ಇಂಗ್ಲಿಷಿನಲ್ಲಿ ತಿಳಿಸಲು ಸಾಹುಕಾರರೇ ಪಕ್ಕದಲ್ಲಿ ನಿಂತರು. ಬಾತುಕೋಳಿ ಸುಡುವ ಲ್ಯೂ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ನಮ್ಮ ಹೆಂಟೆ ಹಿಡಿದು ಬಂದ. ಅದನ್ನು ಮರದ ಕೊರಡಿನ ಮೇಲೆ ಕೂರಿಸಿದರು. ಕ್ಯಾಮೆರಾಗಳು ಫಳಫಳ ಮಿಂಚಿದವು. ಹಳದಿ ಕಾಗದಕ್ಕೆ ಬೆಂಕಿ ಇಟ್ಟರು. ಲೋಕಣ್ಣ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ, ಹೆಂಟೆ ಕಣೋ, ಧೈರ್ಯವಾಗಿ ಸುಳ್ಳು ಹೇಳು ಅಂದೆ. ಅವನು ಕೈ ಎತ್ತಿದ.

"ಕ್ವಾನ್ ಸೂಯ್ ಕೀ ಮಗನಾದ ನಾನು..."

ಅಷ್ಟರಲ್ಲಿ ಹೆಂಟೆ ಕೊಕ್ಕೊಕ್ಕೋ ಅಂತ ಒಂದೇ ಸಮ ಕೂಗತೊಡಗಿತು. ಮೈ ಮುದುರಿತು. ಬಾಲದ ದಾರ ಬಿಚ್ಚಿ ಗರಿಗಳು ಕೆಳಗೆ ಬಿದ್ದವು. ಆಮೇಲೆ, ಜಡ್ಜ್ ಸಾಹೇಬರ ಮುಂದೆ, ಟೀವಿಯವರ ಮುಂದೆ, ಆ ಪಾಪಿ ಕೊರಡಿನ ಮೇಲೆ ಒಂದು ಮೊಟ್ಟೆ ಇಟ್ಟಿತು.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಸಾಹುಕಾರರ ಮುಖ ಕೆಂಪಾಯಿತು. "ಯಾವನಯ್ಯಾ ಇದನ್ನ ತಂದೋನು?" ಅಂತ ಅವರು ಚಾವ್‌ಗಾಗಿ ಹುಡುಕಿದರು, ಅವನು ಆಗಲೇ ಮೇಜಿನ ಕೆಳಗೆ ಸೇರಿಕೊಂಡಿದ್ದ. ಲೋಕಣ್ಣ ಒಬ್ಬ ಮಾತ್ರ ನಗಲಿಲ್ಲ. ಮೊಟ್ಟೆಯನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದ.

"ಎಷ್ಟು ಗರಿ ಕಟ್ಟಿದ್ರೂ ಇದು ತಾನು ಯಾರು ಅಂತ ಹೇಳಿಬಿಡ್ತು" ಅಂದ. ನಗು ನಿಂತಿತು. "ಕೋಳಿಗಿರೋ ಧೈರ್ಯ ನನಗಿಲ್ವಾ? ನಾನು ಕ್ವಾನ್ ಅಲ್ಲ. ಕ್ವಾನ್ ಸೂಯ್ ಕೀ ನಮ್ಮಪ್ಪ ಅಲ್ಲ. ನಾನು ಸೀಟೋ ಯಾಟ್ ಮಿಂಗ್. ಮೊದಲನೇ ಬಿಸ್ಕತ್ತನ್ನ ನಾನು ನೋಡಿಲ್ಲ, ಅವಾಗ ನಾನಿಲ್ಲಿ ಇರಲೇ ಇಲ್ಲ. ಕಬ್ಬಿಣದ ಅಚ್ಚು ಒಬ್ಬ ಜಪಾನಿಯವನು ಕೊಟ್ಟಿದ್ದು ಅಂತ ಮುದುಕನೇ ಒಂದ್ಸಲ ಕುಡಿದಾಗ ಹೇಳಿದ್ದ. ಇದೇ ನಿಜ."

ಜಡ್ಜ್ ಓಯಾಂಗ್ ಸಾಹುಕಾರರ ಕಡೆ ತಿರುಗಿ, ಸಾಕ್ಷಿ ಏನಂದರು ಅಂತ ಕೇಳಿದರು. ಸಾಹುಕಾರರ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಒಂದು ಸಲ ಟೀವಿಯ ಕಡೆ, ಒಂದು ಸಲ ಲೋಕಣ್ಣನ ಕಡೆ ನೋಡಿ, ಶುದ್ಧ ಇಂಗ್ಲಿಷಿನಲ್ಲಿ ಹೇಳಿದರು:

"ಸ್ವಾಮೀ, ಇವರು ತಮ್ಮ ತಂದೆ ಮೊದಲ ಬಿಸ್ಕತ್ತು ಮಾಡಿದ್ದನ್ನು ಕಣ್ಣಾರೆ ಕಂಡೆ ಅನ್ನುತ್ತಿದ್ದಾರೆ."

ಇಂಗ್ಲಿಷು ಬಲ್ಲ ನಮ್ಮವರೆಲ್ಲ ಬೆಕ್ಕಸಬೆರಗಾದರು. ಅಷ್ಟರಲ್ಲಿ ವೇದಿಕೆಯ ಮೇಲೇ ಇದ್ದ ಲ್ಯೂ ಕತ್ತಿಯನ್ನು ಕೆಳಗಿಟ್ಟ. "ನಾನೂ ಲ್ಯೂ ಅಲ್ಲ. ಮೋಯ್ ಚುಂಗ್ ಕಿತ್ ನನ್ನ ಹೆಸರು."

"ಇವರೂ ನೋಡಿದ್ದಾರಂತೆ" ಅಂದರು ಸಾಹುಕಾರರು.

ಮೂಲೆಯ ಮೇಜಿನಿಂದ ಲಾಂಡ್ರಿಯ ಮುದುಕ ಎದ್ದು ತನ್ನ ಹೆಸರು ಹೇಳಿದ. ಅವನ ಪಕ್ಕದವನು ಎದ್ದ. ಮೇಜು ಮೇಜಿನಿಂದ ಕೋಟಿನ ಮುದುಕರು ಕುರ್ಚಿ ಹಿಡಿದುಕೊಂಡು ಎದ್ದರು, ಮೊಮ್ಮಕ್ಕಳ ಮುಂದೆ ಜನ್ಮದಲ್ಲಿ ಆಡದ ಹೆಸರುಗಳನ್ನು ಆಡಿದರು. ಕೆಲವರು ಅಳುತ್ತಿದ್ದರು. ಸಾಹುಕಾರರು "ಇವರೂ ನೋಡಿದ್ದಾರೆ, ಇವರೂ, ಇವರು ಕಿಟಕಿಯಿಂದ ನೋಡಿದ್ದಾರೆ" ಅಂತ ಹೇಳುತ್ತಲೇ ಇದ್ದರು. ನಾನು ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ. "ನನ್ನ ಗಂಡ ಹೋಮ್ ಅಲ್ಲ! ಅವನು ಡೇಯ್ ವಿಂಗ್ ಸೆಕ್!" ಅಂತ ಕಿರುಚಿದೆ.

"ಈ ಅಮ್ಮನ ಯಜಮಾನರು ಆ ಮೊದಲ ಬಿಸ್ಕತ್ತನ್ನು ತಿಂದವರಂತೆ" ಅಂದರು ಸಾಹುಕಾರರು. ಆಮೇಲೆ ತಡೆಯಲಾರದೆ ನಮ್ಮ ಮಾತಿನಲ್ಲಿ ಗದರಿದರು: "ನಮ್ಮಪ್ಪನೂ ಓಯಾಂಗ್ ಅಲ್ಲ ಕಣ್ರಯ್ಯಾ! ಸಾಕು, ಕೂತ್ಕೊಳ್ರಪ್ಪಾ, ದಮ್ಮಯ್ಯ!"

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ಇಡೀ ಸರ್ವೀಸಿನಲ್ಲಿ ಇಷ್ಟು ಜನ ಪ್ರತ್ಯಕ್ಷ ಸಾಕ್ಷಿಗಳನ್ನು ನೋಡಿಲ್ಲ, ಒಂದು ಬಿಸ್ಕತ್ತಿಗಾಗಿ ಜನ ಹೀಗೆ ಅಳುವುದನ್ನಂತೂ ಕಂಡೇ ಇಲ್ಲ ಅಂದರು. ತೀರ್ಪು ಸ್ಯಾನ್ ಫ್ರಾನ್ಸಿಸ್ಕೋದ ಪರ. ಲಾಸ್ ಏಂಜಲೀಸಿನ ವಕೀಲ ಮೊಟ್ಟೆಯ ಬಗ್ಗೆ ಆಕ್ಷೇಪಣೆ ಎತ್ತಿದ, ಅದು ವಜಾ ಆಯಿತು.

ಬಿಸ್ಕತ್ತಿನ ಜಗಳ ಮುಗಿದು ಲೋಕಣ್ಣನ ಜಗಳ ಶುರುವಾಯಿತು. ಸೀಟೋ ಸಂಘದ ಹಿರಿಯ ಬಂದು ಅವನ ಎಡಗೈ ಹಿಡಿದ. "ನಮ್ಮ ಮನೆ ಹುಡುಗ ಇವನು. ನಡಿಯಪ್ಪಾ, ನಮ್ಮ ಮೇಜಿಗೆ." ಕ್ವಾನ್ ಸಂಘದ ಹಿರಿಯ ಬಲಗೈ ಹಿಡಿದ. "ಇಷ್ಟು ವರ್ಷ ಹಬ್ಬದೂಟ ಹಾಕ್ದೋರು ನಾವು, ಈಗ ಬಂದ್ರಾ ನೆಂಟರು? ಕಾಗದದಲ್ಲಿ ಇವನು ನಮ್ಮೋನು!" "ಕಾಗದ ಇಟ್ಕೋ, ಮನುಷ್ಯನ್ನ ಕೊಡು!" ಇಬ್ಬರೂ ಎಳೆದಾಡಿದರು. ನಡುವೆ ಲೋಕಣ್ಣ, ಅಂಗೈಯಲ್ಲಿ ಮೊಟ್ಟೆ. ಒಡೆಯದಂತೆ ಕಾಪಾಡಿಕೊಳ್ಳುವುದರಲ್ಲೇ ಇದ್ದ.

ಕೈ ಬಿಡಿಸಿಕೊಂಡು ಅವನು ಮೊದಲು ಹೋದದ್ದು ಚೀಲಕ್ಕೆ ಅಚ್ಚು ತುಂಬಿಕೊಳ್ಳುತ್ತಿದ್ದ ಮೊರಿಶಿಗೆ ಅಮ್ಮನ ಹತ್ತಿರ. ಬಾಗಿ ನಮಸ್ಕಾರ ಮಾಡಿ, ತನಗೆ ಬರುವ ನಾಲ್ಕು ಇಂಗ್ಲಿಷು ಮಾತಿನಲ್ಲಿ ಹೇಳಿದ: "ನನ್ನಪ್ಪ, ಸುಳ್ಳು. ಬಿಸ್ಕತ್ತು, ನಿಮ್ಮದು." ಅವಳು ಅವನನ್ನೇ ದಿಟ್ಟಿಸಿ ನೋಡಿ, "ಅದನ್ನ ಜೋರಾಗಿ ಹೇಳ್ಬೇಕಿತ್ತು" ಅಂದಳು. ಹೇಳಿದ್ದ, ಪಾಪ, ಜೋರಾಗಿಯೇ ಹೇಳಿದ್ದ. ಅವಳಿಗೆ ಆದದ್ದು ಅನ್ಯಾಯ, ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಷ್ಟರಲ್ಲಿ ಲಿನೆಟ್ ಜನರನ್ನು ತಳ್ಳಿಕೊಂಡು ಬಂದಳು. ಮನೆಯಲ್ಲಿ ನಮ್ಮ ಮಾತಾಡಿಕೊಂಡೇ ಬೆಳೆದವಳು, ಒಂದಕ್ಷರ ಬಿಡದೆ ಅರ್ಥವಾಗಿತ್ತು. ಮುಖ ಊದಿಕೊಂಡಿತ್ತು.

"ವರ್ಷಾ ವರ್ಷ ಹಂದಿಮಾಂಸ, ಕಿತ್ತಳೆಹಣ್ಣು ಹೊತ್ಕೊಂಡ್ಹೋಗಿ ಆ ಮುದುಕನ ಸಮಾಧಿಗೆ ಅಡ್ಡ ಬೀಳ್ತಿದ್ನಲ್ಲ ಅಪ್ಪಾ, ಅವನು ನಂಗೆ ಏನಾಗ್ಬೇಕು ಹಾಗಾದ್ರೆ?"

"ಏನೂ ಆಗ್ಬೇಕಿಲ್ಲ ಕಣಮ್ಮ. ಒಳ್ಳೆಯವನು."

"ನಾನು ಹುಟ್ಟೇ ಇಲ್ಲದಿರೋನ ಮಗಳಾ?"

"ಕಾಗದದ ಪ್ರಕಾರ ಹೌದು." ಅಂದ ಲೋಕಣ್ಣ. "ನಿನ್ನನ್ನೂ ಮಕ್ಕಳನ್ನೂ ಕಳ್ಸಿಬಿಡ್ತಾರೆ ಅಂತ ಇಷ್ಟು ದಿನ ಹೇಳ್ಲಿಲ್ಲ. ಇವತ್ತು ಬಾಯಿ ತಪ್ಪಿ ಹೇಳ್ಬಿಟ್ಟೆ. ಈಗ ಏನ್ಮಾಡೋದು ಮಗಳೇ?"

ಲಿನೆಟ್ ಅಪ್ಪನ ಎರಡೂ ಭುಜ ಹಿಡಿದುಕೊಂಡಳು. "ಅಪ್ಪಾ, ನಾನು ಹುಟ್ಟಿದ್ದು ಇಲ್ಲೇ, ಗುಡ್ಡದ ಮೇಲಿನ ಆಸ್ಪತ್ರೇಲಿ. ನನ್ನನ್ನ ಯಾರೂ ಎಲ್ಲಿಗೂ ಕಳ್ಸಕ್ಕಾಗಲ್ಲ. ಯಾವತ್ತೂ ಆಗ್ತಿರ್ಲಿಲ್ಲ. ಇದಕ್ಕೋಸ್ಕರ ಬಾಯಿ ಮುಚ್ಕೊಂಡು ಬದುಕಿದ್ಯಾ?"

ಲೋಕಣ್ಣ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಒಂದು ಮಾತು ಮಗಳನ್ನು ಕೇಳಿದ್ದರೆ ಮುಗಿಯುತ್ತಿತ್ತು, ಆ ಮಾತು ಕೇಳುವುದಕ್ಕೇ ಹೆದರಿ ಒಂದು ಆಯುಷ್ಯ ಕಳೆದಿದ್ದ.

ಫಲಕ ಬಂತು. "ಕ್ವಾನ್ ಸೂಯ್ ಕೀ ಇಲ್ಲಿ ಮೊದಲ ಚೀಟಿ ಬಿಸ್ಕತ್ತು ಮಾಡಿದರು, ಮಗ ಕ್ವಾನ್ ಹಿಂಗ್ ಲೋಕ್ ಸಾಕ್ಷಿ" ಅಂತ ಹಿತ್ತಾಳೆಯಲ್ಲಿ ಕೆತ್ತಿದ ಸುಳ್ಳು ನಮ್ಮ ಗೋಡೆಯ ಮೇಲೆ ಕೂತಿತು. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಲೋಕಣ್ಣ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಲ್ಲು ಕೆತ್ತುವವನ ಹತ್ತಿರ ಹೋಗಿ ಮುಂಗಡವಾಗಿಯೇ ಸೀಟೋ ಅಂತ ಕೆತ್ತಲು ಹೇಳಿ ಬಂದ. ಕ್ವಾನ್ ಸಂಘದವರು ಮುನಿಸಿಕೊಂಡರು, ಆದರೂ ಜಾಗ ವಾಪಸು ಕೇಳಲಿಲ್ಲ. ಕ್ವಾನರ ಸಾಲಿನಲ್ಲಿ ಒಬ್ಬ ಸೀಟೋ ಮಲಗುತ್ತಾನೆ, ಮಲಗಲಿ ಬಿಡಿ ಅಂದರು.

ವಸಂತದಲ್ಲಿ ಸಮಾಧಿ ಗುಡಿಸುವ ದಿನ ಬಂತು. ಲೋಕಣ್ಣ, ಲಿನೆಟ್, ಅವಳ ಮಕ್ಕಳು, ನಾನು ಗುಡ್ಡದ ಸ್ಮಶಾನಕ್ಕೆ ಹೋದೆವು. ಮೊದಲು ಎಂದಿನಂತೆ ಮುದುಕ ಕ್ವಾನನ ಸಮಾಧಿಗೆ ಹಂದಿಮಾಂಸ, ಕಿತ್ತಳೆ ಇಟ್ಟು ಅಡ್ಡಬಿದ್ದ. "ಅಪ್ಪ ಅಲ್ದಿದ್ರೂ ಅನ್ನ ಹಾಕ್ದೋನು" ಅಂದ. ಆಮೇಲೆ ನನ್ನ ಗಂಡನ ಕಲ್ಲಿನ ಮುಂದೆ ನಿಂತೆವು, ನಾನು ಅವನನ್ನು ಅವನ ಹೆಸರಿನಲ್ಲೇ ಕರೆದು ಧೂಪ ಹಚ್ಚಿದೆ. ಅದಾದ ಮೇಲೆ ಲೋಕಣ್ಣ ಸಮುದ್ರ ಕಾಣುವ ಕಡೆಗೆ ಒಬ್ಬನೇ ಹತ್ತಿ ಹೋದ. ನಾನು ಹಿಂದೆಯೇ ಹೋದೆ, ಎದೆನೋವಿನ ಮನುಷ್ಯ ಎಲ್ಲಾದರೂ ಬಿದ್ದಾನು ಅಂತ.

"ತಂಗೀ, ಅವತ್ತು ಬಂದರಿನಲ್ಲಿ ಹಡಗು ಬಿಡುವಾಗ ಅಮ್ಮ ದಡದಲ್ಲಿ ನಿಂತಿದ್ಲು" ಅಂದ. "ಲೋಕ್, ಲೋಕ್ ಅಂತ ಕೂಗಿದ್ಲು ಕಣೇ. ನಂಗೆ ಅಭ್ಯಾಸ ಆಗ್ಲಿ ಅಂತ ಅವಳೂ ಆ ಸುಳ್ಳು ಹೆಸರನ್ನೇ ಕೂಗಿದ್ಲು. ನನ್ನ ಹೆಸರು ಅವಳ ಬಾಯಲ್ಲಿ ಕೊನೇ ಸಲ ಕೇಳ್ಬೇಕು ಅಂತ ಕಾದೆ. ಕೂಗ್ಲೇ ಇಲ್ಲ."

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ಟೋಪಿ ತೆಗೆದು, ಎರಡೂ ಕೈ ಬಾಯಿಯ ಪಕ್ಕ ಹಿಡಿದು, ಸಮುದ್ರದ ಕಡೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗಿದ. ಕೆಳಗೆ ಸಮಾಧಿ ಗುಡಿಸುತ್ತಿದ್ದವರೆಲ್ಲ ಪೊರಕೆ ಹಿಡಿದುಕೊಂಡೇ ತಲೆಯೆತ್ತಿ ನೋಡಿದರು.

"ಅಮ್ಮಾ! ನಾನು ಯಾಟ್ ಮಿಂಗ್! ಇಲ್ಲೇ ಇದ್ದೀನಮ್ಮಾ! ಊಟ ಆಯ್ತು ನಂದು, ನಿಂದಾಯ್ತಾ?"